ಬೆನ್ನ ಮೇಲೆ ಹಾಸಿಗೆ, ಎದುರಿಗೆ ಬಂಡೆ

ನವೆಂಬರ್ ಹಿಡಿಯಿತೆಂದರೆ ಹೊಸಪೇಟೆ ರೈಲು ನಿಲ್ದಾಣದಲ್ಲಿ ಬೇರೆಯದೇ ಬಗೆಯ ಪ್ರಯಾಣಿಕರು ಇಳಿಯತೊಡಗುತ್ತಾರೆ. ಎದೆಗೊಂದು ಚೀಲ, ಬೆನ್ನಿಗೆ ಮಡಿಚಿ ಪಟ್ಟಿ ಬಿಗಿದ ದಪ್ಪನೆಯ ಹಾಸಿಗೆ. ಆಟೊದೊಳಗೆ ಅದು ಹಿಡಿಯುವುದಿಲ್ಲ. ಚಾಲಕರು ಹಗ್ಗ ಹಾಕಿ ಮೇಲೆ ಕಟ್ಟುತ್ತಾರೆ. ಅನಂತಶಯನಗುಡಿ ದಾಟಿ, ಮಲಪನಗುಡಿ ದಾಟಿ, ಕಡ್ಡಿರಾಂಪುರದ ಹತ್ತಿರ ಬಂಡೆರಾಶಿಗಳು ಎದುರಾದಾಗ ಒಳಗಿದ್ದವರು ಕತ್ತು ಹೊರಚಾಚಿ ನೋಡುತ್ತಾರೆ. ಕಲ್ಲಿನ ರಥ, ಕಮಲ ಮಹಲು, ವಿರೂಪಾಕ್ಷನ ಗೋಪುರ ಎಲ್ಲವೂ ಅವರ ಪಟ್ಟಿಯಲ್ಲಿವೆ, ಆದರೆ ಅವಸರವಿಲ್ಲ. ಅವರು ಬಂದಿರುವುದು ಬಂಡೆ ಹತ್ತಲು. ಉಳಿಯುವುದು ಹದಿನೈದು ದಿನ, ತಿಂಗಳು, ಕೆಲವರು ಇಡೀ ಚಳಿಗಾಲ.

ನಮ್ಮಲ್ಲಿ ಬಹುತೇಕರ ಹಂಪಿ ಒಂದೇ ದಿನದ್ದು. ಶಾಲೆಯ ಪ್ರವಾಸದ ಬಸ್ಸಿನಲ್ಲಿ ಬಂದವರಿಗೆ ಅದರ ಕ್ರಮ ಬಾಯಿಪಾಠವಾಗಿರುತ್ತದೆ. ಬೆಳಿಗ್ಗೆ ವಿರೂಪಾಕ್ಷ, ಆಮೇಲೆ ಸಾಸಿವೆಕಾಳು ಗಣಪ, ಉಗ್ರನರಸಿಂಹ, ಮಧ್ಯಾಹ್ನದ ಬಿಸಿಲಲ್ಲಿ ವಿಜಯವಿಠ್ಠಲ, ಗಡಿಬಿಡಿಯಲ್ಲಿ ರಾಣಿ ಸ್ನಾನಗೃಹ, ಸಂಜೆ ತುಂಗಭದ್ರಾ ಅಣೆಕಟ್ಟಿನ ಕಾರಂಜಿ. ರಾತ್ರಿ ಬಸ್ಸು ಊರ ಕಡೆ ಮುಖ ಮಾಡಿರುತ್ತದೆ. ನೂರಾರು ಸ್ಮಾರಕಗಳಿರುವ, ಮೂಲೆಮೂಲೆಗೆ ಕಥೆಯಿರುವ ಒಂದು ನಾಡನ್ನು ಹತ್ತು ತಾಸಿನಲ್ಲಿ ಮುಗಿಸಿ ಬರುವ ಅಭ್ಯಾಸ ನಮಗಿದೆ. ಅದೇ ನಾಡಿನಲ್ಲಿ ಫ್ರಾನ್ಸಿನಿಂದಲೋ ಇಸ್ರೇಲಿನಿಂದಲೋ ಬಂದ ಇಪ್ಪತ್ತೈದರ ಹುಡುಗಿಯೊಬ್ಬಳು ತಿಂಗಳುಗಟ್ಟಲೆ ಉಳಿದು, ಊರವರ ಹೆಸರು ಹಿಡಿದು ಕೂಗುವಷ್ಟು ಪರಿಚಿತಳಾಗುತ್ತಾಳೆ. ಈ ವ್ಯತ್ಯಾಸಕ್ಕೆ ಕಾರಣ ಏನು? ದುಡ್ಡು, ರಜೆ ಇವು ಅರ್ಧ ಉತ್ತರ ಮಾತ್ರ. ಉಳಿದರ್ಧ ಆ ಬಂಡೆಗಳಲ್ಲೇ ಇದೆ.

ಕಾಯಿಸುವ ಆಟಗಳು

ಜಗತ್ತಿನಲ್ಲಿ ಪ್ರವಾಸಿಗರು ನಿಧಾನವಾಗಿ ಬದುಕಲು ಕಲಿಯುವ ಊರುಗಳು ಕೆಲವಿವೆ. ಯುರೋಪಿನ ಅಟ್ಲಾಂಟಿಕ್ ತೀರದ ಸರ್ಫಿಂಗ್ ಊರುಗಳು ಅವುಗಳಲ್ಲಿ ಪ್ರಸಿದ್ಧ. ಪೋರ್ಚುಗಲ್ಲಿನ ಎರಿಸೇರಾ ಮೂಲತಃ ಮೀನುಗಾರರ ಊರು. ಲಿಸ್ಬನ್ನಿನಿಂದ ಗಂಟೆಯೊಳಗೆ ತಲುಪುವ ಆ ಊರಿನ ಕರಾವಳಿಯನ್ನು 2011ರಲ್ಲಿ ವಿಶ್ವ ಸರ್ಫಿಂಗ್ ಮೀಸಲು ಪ್ರದೇಶವೆಂದು ಗುರುತಿಸಲಾಯಿತು. ಯುರೋಪಿನಲ್ಲಿ ಆ ಗೌರವ ಪಡೆದ ಮೊದಲ ತೀರ ಅದು. ಫ್ರಾನ್ಸಿನ ಬಿಯಾರಿಟ್ಜ್‌ಗೆ ಸರ್ಫಿಂಗ್ ಬಂದದ್ದು ಸಿನಿಮಾದ ದೆಸೆಯಿಂದ. ಹೆಮಿಂಗ್ವೇ ಕಾದಂಬರಿ ಆಧರಿಸಿದ ಚಿತ್ರದ ಕೆಲಸಕ್ಕೆಂದು ಬಂದಿದ್ದ ಲೇಖಕ ಪೀಟರ್ ವಿಯರ್ಟೆಲ್ ಅಲ್ಲಿಯ ಅಲೆಗಳನ್ನು ನೋಡಿ ಕ್ಯಾಲಿಫೋರ್ನಿಯಾದಿಂದ ಹಲಗೆ ತರಿಸಿಕೊಂಡ. ಅದು 1950ರ ದಶಕದ ಮಾತು.

ಇಂಥ ಊರುಗಳು ನಿಧಾನದ ಊರುಗಳಾಗಲು ಕಾರಣ ಅಲೆ. ಸರ್ಫಿಂಗ್‌ಗೆ ಒದಗುವ ಅಲೆ ಹುಟ್ಟುವುದು ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿಯಲ್ಲಿ. ಅದು ದಿನಗಟ್ಟಲೆ ಸಾಗಿ ದಡಕ್ಕೆ ಬರಬೇಕು, ಬಂದಾಗ ಗಾಳಿ ನೆಲದಿಂದ ಕಡಲಿಗೆ ಬೀಸುತ್ತಿರಬೇಕು, ಉಬ್ಬರವಿಳಿತ ಹೊಂದಿಕೆಯಾಗಬೇಕು. ಇದೆಲ್ಲ ಕೂಡಿಬರುವುದು ದಿನದ ಒಂದೆರಡು ತಾಸು, ಕೆಲವು ದಿನ ಅದೂ ಇಲ್ಲ. ಮಿಕ್ಕ ಹೊತ್ತೆಲ್ಲ ಕಾಯಬೇಕು. ಕಾಯುವವನಿಗೆ ಅಗ್ಗದ ಕೋಣೆ ಬೇಕು, ಗಂಟೆಗಟ್ಟಲೆ ಕೂತರೂ ಎಬ್ಬಿಸದ ಹೋಟೆಲು ಬೇಕು, ಮಾತಿಗೆ ಜನ ಬೇಕು. ಊರು ತಾನಾಗಿ ಆ ಲಯಕ್ಕೆ ಹೊಂದಿಕೊಳ್ಳುತ್ತದೆ.

ನಮ್ಮ ಕರಾವಳಿಗೂ ಇದರ ಪರಿಚಯವಿದೆ. ಮೂಲ್ಕಿಯಲ್ಲಿ ಶಾಂಭವಿ ನದಿಯ ದಡದ ಆಶ್ರಮವೊಂದರಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾಯಿತು. ಅದನ್ನು ಕಟ್ಟಿದ ಜ್ಯಾಕ್ ಹೆಬ್ನರ್ ಅಮೆರಿಕದವರು, ಕೃಷ್ಣಭಕ್ತರು. ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದರು. ಮೂಲ್ಕಿಯ ತನ್ವಿ ಜಗದೀಶ್ ಅಲ್ಲೇ ಕಲಿತು, ನಿಂತು ಹುಟ್ಟು ಹಾಕುವ ಸ್ಟ್ಯಾಂಡ್ ಅಪ್ ಪ್ಯಾಡ್ಲಿಂಗ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. 2016ರ ಮೇ ತಿಂಗಳಲ್ಲಿ ಮೊದಲ ಇಂಡಿಯನ್ ಓಪನ್ ಸರ್ಫಿಂಗ್ ನಡೆದದ್ದು ಪಕ್ಕದ ಸಸಿಹಿತ್ಲು ಕಡಲತೀರದಲ್ಲಿ.

ಹಂಪಿಯಿಂದ ಕಡಲು ನೂರಾರು ಕಿಲೋಮೀಟರ್ ದೂರ. ಇಲ್ಲಿ ಕಾಯಿಸುವ ಕೆಲಸ ಬಂಡೆಯದು.

ಹಗ್ಗವಿಲ್ಲದ ಹತ್ತಾಟ

ಈ ಆಟಕ್ಕೆ ಬೌಲ್ಡರಿಂಗ್ ಎನ್ನುತ್ತಾರೆ. ಹಗ್ಗವಿಲ್ಲ, ಕೊಕ್ಕೆಯಿಲ್ಲ, ಬಂಡೆಗೆ ಮೊಳೆ ಹೊಡೆಯುವುದಿಲ್ಲ. ಎರಡಾಳು, ಮೂರಾಳೆತ್ತರದ ಬಂಡೆಯನ್ನು ಬರಿಗೈಯಲ್ಲಿ, ಬಿಗಿಯಾದ ರಬ್ಬರ್ ಷೂ ಹಾಕಿಕೊಂಡು ಹತ್ತುವುದು. ಜಾರಿದರೆ ಬೀಳುವುದು ಕೆಳಗೆ ಹಾಸಿದ ದಪ್ಪ ಪ್ಯಾಡಿನ ಮೇಲೆ. ರೈಲಿನಿಂದಿಳಿದ ಆ ಹಾಸಿಗೆ ಇದೇ.

ಬೆಳಿಗ್ಗೆ ಏಳರ ಹೊತ್ತಿಗೆ ತುಂಗಭದ್ರೆಯಾಚೆಯ ಹಳ್ಳಿ ಸಾಣಾಪುರದ ಗದ್ದೆಗಳಾಚೆಯ ಬಂಡೆಗಳ ನಡುವೆ ಹೋದರೆ ಈ ಆಟ ಕಣ್ಣಾರೆ ಕಾಣಸಿಗುತ್ತದೆ. ಮೊದಲು ಒಬ್ಬಳು ಹಲ್ಲುಜ್ಜುವ ಬ್ರಷ್ಷಿಗಿಂತ ತುಸು ದೊಡ್ಡ ಬ್ರಷ್ಷಿನಿಂದ ಬಂಡೆಯ ಹಿಡಿಕೆಗಳನ್ನು ಉಜ್ಜುತ್ತಾಳೆ. ಹಿಡಿಕೆ ಎಂದರೆ ದೊಡ್ಡದೇನಲ್ಲ. ಬೆರಳ ತುದಿಯ ಒಂದು ಗೆಣ್ಣು ಕೂರುವಷ್ಟು ಅಂಚು. ಬೆವರು ಹೀರಲು ಸೊಂಟದ ಚೀಲದಿಂದ ಬಿಳಿ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ (ಚಾಕ್) ತೆಗೆದು ಅಂಗೈಗೆ ಬಳಿದುಕೊಳ್ಳುತ್ತಾಳೆ. ಎರಡು ಹೆಜ್ಜೆ ಸಲೀಸು. ಮೂರನೆಯದಕ್ಕೆ ಬಲಗಾಲನ್ನು ಸೊಂಟದ ಮಟ್ಟಕ್ಕೆ ಎತ್ತಿ ಕಲ್ಲಿನ ಉಬ್ಬಿಗೆ ಒತ್ತಬೇಕು, ಮೈಯ ಭಾರವನ್ನೆಲ್ಲ ಆ ಕಾಲಿಗೆ ವರ್ಗಾಯಿಸಬೇಕು. ಕೆಳಗೆ ಗೆಳೆಯರಿಬ್ಬರು ಕೈ ಚಾಚಿ ನಿಂತಿರುತ್ತಾರೆ, ಹಿಡಿಯಲಿಕ್ಕಲ್ಲ, ಬಿದ್ದಾಗ ತಲೆ ಪ್ಯಾಡಿನ ಹೊರಗೆ ಹೋಗದಂತೆ ತಿರುಗಿಸಲಿಕ್ಕೆ. ಅವಳು ಬೀಳುತ್ತಾಳೆ. ಪಕ್ಕದಲ್ಲಿ ಕೂತು ಕೈ ನೋಡಿಕೊಳ್ಳುತ್ತಾಳೆ. ಮತ್ತೆ ಅದೇ ಬಂಡೆ, ಅದೇ ಮೂರನೆಯ ಹೆಜ್ಜೆ. ಒಂದು ಬಂಡೆಗೆ ಒಂದು ವಾರ ಹಿಡಿದರೂ ಯಾರಿಗೂ ಬೇಸರವಿಲ್ಲ.

ಒಂಬತ್ತೂವರೆ ಹತ್ತರ ಹೊತ್ತಿಗೆ ಆಟ ನಿಲ್ಲುತ್ತದೆ. ಬಿಸಿಲಿಗೆ ಕಲ್ಲು ಕಾಯುತ್ತದೆ, ಬೆರಳು ಬೆವರುತ್ತದೆ, ಹಿಡಿತ ತಪ್ಪುತ್ತದೆ. ಮತ್ತೆ ಶುರುವಾಗುವುದು ನಾಲ್ಕು ಗಂಟೆಯ ಮೇಲೆ. ಎರಡು ದಿನ ಹತ್ತಿದರೆ ಮೂರನೆಯ ದಿನ ರಜೆ, ಏಕೆಂದರೆ ಹಂಪಿಯ ಕಲ್ಲು ಒರಟು. ಅದರ ಸ್ಫಟಿಕಗಳು ಬೆರಳ ತುದಿಯ ಚರ್ಮವನ್ನು ಸುಲಿಯುತ್ತವೆ, ಚರ್ಮ ಬಲಿಯುವವರೆಗೆ ಕಾಯದೆ ಬೇರೆ ದಾರಿಯಿಲ್ಲ. ಆ ನಡುಹಗಲುಗಳು, ಆ ರಜೆಯ ದಿನಗಳೇ ಊರಿನ ಪಾಲಿಗೆ ಮುಖ್ಯ. ಆಗಲೇ ಅವರು ಸ್ಮಾರಕ ನೋಡುತ್ತಾರೆ, ಆನೆಗೊಂದಿಗೆ ಸೈಕಲ್ ತುಳಿಯುತ್ತಾರೆ, ತೆಪ್ಪ ಹತ್ತುತ್ತಾರೆ, ಮಿರ್ಚಿ ಮಂಡಕ್ಕಿ ತಿನ್ನುತ್ತಾರೆ, ಬಟ್ಟೆ ಹೊಲಿಸುತ್ತಾರೆ, ಮನೆಯವರೊಂದಿಗೆ ಕೂತು ರೊಟ್ಟಿ ಬಡಿಯಲು ಕಲಿಯುತ್ತಾರೆ.

ಆ ಕಲ್ಲು ಹುಟ್ಟಿದ ಬಗೆ

ಈ ಬಂಡೆಗಳನ್ನು ಯಾರೋ ತಂದು ಸುರುವಿದಂತೆ ಕಾಣುತ್ತದೆ. ವಾಲಿ ಸುಗ್ರೀವರ ಕಾಳಗದಲ್ಲಿ ಎಸೆದ ಕಲ್ಲುಗಳೆಂದು ಸೀಮೆಯ ಹಿರಿಯರು ಹೇಳುತ್ತ ಬಂದಿದ್ದಾರೆ. ಇದು ರಾಮಾಯಣದ ಕಿಷ್ಕಿಂಧೆ ತಾನೆ. ಭೂವಿಜ್ಞಾನದ ಪ್ರಕಾರ ಇವು ಎಲ್ಲಿಂದಲೂ ಉರುಳಿ ಬಂದಿಲ್ಲ, ಇದ್ದಲ್ಲೇ ರೂಪುಗೊಂಡಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಶಿಲಾರಸ ತಣಿದು ಗ್ರಾನೈಟ್ ಆಯಿತು. ರಾಮನಗರದ ಬೆಟ್ಟಗಳಿಂದ ಈ ಸೀಮೆಯವರೆಗೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಪಟ್ಟಿಯದು. ರಾಮನಗರದ ಬ್ರಿಟಿಷರ ಕಾಲದ ಹೆಸರಿನ ಮೇಲೆ ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಮೇಲಿನ ನೆಲ ಸವೆದಂತೆ ಈ ಶಿಲೆಯಲ್ಲಿ ಅಡ್ಡ ಉದ್ದ ಬಿರುಕುಗಳು ಬಿಟ್ಟವು. ಬಿರುಕಿಗೆ ಇಳಿದ ನೀರು ಕಲ್ಲನ್ನು ಕೊಳೆಸಿತು. ಮೂಲೆಗಳು ಬೇಗ ಸವೆದವು, ನಡುವಿನ ಗಟ್ಟಿ ಭಾಗ ದುಂಡಗೆ ಉಳಿಯಿತು. ಪುಡಿಯಾದ ಮಣ್ಣು ಮಳೆಯಲ್ಲಿ ಕೊಚ್ಚಿಹೋದ ಮೇಲೆ ಒಂದರ ಮೇಲೊಂದು ಬಂಡೆ ನಿಂತಿತು.

ಇವೇ ಕಲ್ಲುಗಳನ್ನು ವಿಜಯನಗರದ ಕಲ್ಲುಕುಟಿಗರೂ ಹುಡುಕಿಕೊಂಡು ಹತ್ತಿದರು. ಅನೇಕ ಬಂಡೆಗಳ ಅಂಚಿನಲ್ಲಿ ಒಂದೇ ಅಳತೆಯ ಚೌಕ ಗುಳಿಗಳು ಸಾಲಾಗಿ ಕಾಣುತ್ತವೆ. ಬೆಣೆ ಬಡಿದು ಕಲ್ಲು ಸೀಳಿದ ಗುರುತು ಅದು. ಕೆಲವೆಡೆ ಅರ್ಧ ಸೀಳಿ ಬಿಟ್ಟ ಕಂಬಗಳೂ ಇವೆ. ಬೆರಳಿಗೆ ಅಂಚು ಹುಡುಕುವ ಇಂದಿನ ಹುಡುಗ, ಗುಳಿ ಕೊರೆದ ಅಂದಿನ ಕುಟಿಗ ಇಬ್ಬರೂ ಒಂದೇ ಬಂಡೆಯ ಎಳೆ ಓದಿದವರು.

ಜಗತ್ತಿನ ಹತ್ತುಗರ ಬಾಯಲ್ಲಿ ಹಂಪಿಯ ಹೆಸರು ನೆಲೆಯಾದದ್ದು 2003ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ ಫ್ರಾನ್ಸಿನ ಸೆಯೂಸ್ ಬಂಡೆಗೋಡೆಯಲ್ಲಿ ಆವರೆಗಿನ ಅತಿ ಕಠಿಣ ಏರುದಾರಿಗಳಲ್ಲೊಂದನ್ನು ಹತ್ತಿ ಹೆಸರಾಗಿದ್ದ ಅಮೆರಿಕದ ಕ್ರಿಸ್ ಶರ್ಮಾ, ಗೆಳೆಯರೊಂದಿಗೆ ಇಲ್ಲಿಗೆ ಬಂದು ಹತ್ತಿದ. ಆ ಪ್ರಯಾಣ ‘ಪಿಲ್ಗ್ರಿಮೇಜ್’ ಎಂಬ ಚಿತ್ರವಾಯಿತು. ಪ್ಯಾರಿಸ್ಸಿನ ಹತ್ತಿರದ ಫಾಂಟೆನ್‌ಬ್ಲೋ ಕಾಡಿನ ಬಂಡೆಗಳಲ್ಲಿ ಬೆಳೆದ ಈ ಆಟಕ್ಕೆ ತುಂಗಭದ್ರೆಯ ದಂಡೆ ಒಂದು ಚಳಿಗಾಲದ ನೆಲೆಯಾಯಿತು. ಯುರೋಪಿನಲ್ಲಿ ಹಿಮ, ಇಲ್ಲಿ ಒಣ ಹವೆ. ನವೆಂಬರಿನಿಂದ ಫೆಬ್ರುವರಿವರೆಗೆ ಇದಕ್ಕಿಂತ ಹದವಾದ ಜಾಗ ಸಿಗುವುದು ಕಷ್ಟ.

ಗಡ್ಡೆ ಬೆಳೆದದ್ದು, ಗಡ್ಡೆ ಖಾಲಿಯಾದದ್ದು

ವಿರೂಪಾಕ್ಷ ಗುಡಿಯ ಮುಂದಿನ ಘಟ್ಟದಲ್ಲಿ ದೋಣಿ ಹತ್ತಿದರೆ ಐದು ನಿಮಿಷಕ್ಕೆ ಆಚೆ ದಡ. ಅದು ವಿರೂಪಾಪುರ ಗಡ್ಡೆ, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕು. ಗೋವಾದ ಗದ್ದಲ ಸಾಕಾಗಿ ರಾತ್ರಿ ಬಸ್ಸು ಹಿಡಿದು ಬಂದವರು, ಸೈನ್ಯದ ಕಡ್ಡಾಯ ಸೇವೆ ಮುಗಿಸಿ ದೇಶ ತಿರುಗಲು ಹೊರಟ ಇಸ್ರೇಲಿ ತರುಣರು, ಬಂಡೆ ಹತ್ತುವವರು ಎಲ್ಲರೂ ಸೇರುತ್ತಿದ್ದ ಜಾಗ. ಭತ್ತದ ಗದ್ದೆಯ ಅಂಚಿಗೆ ಹುಲ್ಲು ಹೊದಿಸಿದ ಗುಡಿಸಲು, ಜಗುಲಿಗೆ ಜೋಲಿ, ನೆಲಕ್ಕೆ ಹಾಸಿದ ಮೆತ್ತೆ, ಗಿಡ್ಡ ಮೇಜು. ರಾಗಿ ಜೋಳ ಬೇಯಿಸಿ ಗೊತ್ತಿದ್ದ ಅಡುಗೆಯವರು ಹಮ್ಮಸ್, ಫಲಾಫೆಲ್, ಶಕ್ಶೂಕ ಮಾಡಲು ಕಲಿತರು. ಫಲಕಗಳ ಮೇಲೆ ಹೀಬ್ರೂ ಅಕ್ಷರ ಬಂತು. ಗದ್ದೆ ಮಾಲೀಕರು ಜಾಗ ಬಾಡಿಗೆಗೆ ಕೊಟ್ಟರು, ಹುಡುಗರು ಮೊಪೆಡ್ ಬಾಡಿಗೆ, ಪ್ಯಾಡ್ ಬಾಡಿಗೆಯ ಅಂಗಡಿ ಇಟ್ಟರು. ‘ಹಿಪ್ಪಿ ದ್ವೀಪ’ ಎಂಬ ಹೆಸರು ಅಂಟಿಕೊಂಡಿತು.

ಎಲ್ಲರಿಗೂ ಇದು ಹಿತವಾಗಿರಲಿಲ್ಲ. ಗಾಂಜಾ ಹೊಗೆ, ತಡರಾತ್ರಿಯ ಸಂಗೀತ, ಎದುರು ದಡದ ದೇವಾಲಯಕ್ಕೆ ಸಲ್ಲದ ನಡವಳಿಕೆ ಇವುಗಳ ಬಗ್ಗೆ ದೂರುಗಳು ಬರುತ್ತಲೇ ಇದ್ದವು. ಅದಕ್ಕಿಂತ ದೊಡ್ಡ ಪ್ರಶ್ನೆ ಕಾನೂನಿನದು. ಹಂಪಿಯ ಸ್ಮಾರಕ ಸಮೂಹ 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತ್ತು. 1988ರ ಸರ್ಕಾರಿ ಅಧಿಸೂಚನೆ ವಿರೂಪಾಪುರ ಗಡ್ಡೆಯನ್ನೂ ಸಂರಕ್ಷಿತ ಪ್ರದೇಶದೊಳಗೆ ತಂದಿತ್ತು. ಆಮೇಲೆ ನದಿಗೆ ಅಡ್ಡಲಾಗಿ ಎರಡು ಸೇತುವೆಗಳ ಕೆಲಸ ಶುರುವಾದಾಗ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದ ಪಟ್ಟಿಗೆ ಸೇರಿಸಿತು. ಆ ಸೇತುವೆಗಳಲ್ಲಿ ಒಂದು ಆನೆಗೊಂದಿಯ ಕಡೆಗಿನದು, ಇನ್ನೊಂದು ಗಡ್ಡೆಗೆ ಹೋಗುವ ಕಾಲುಸೇತುವೆ. ಪರಂಪರೆ ಪ್ರದೇಶದ ನಿರ್ವಹಣೆಗೆ ಪ್ರತ್ಯೇಕ ಪ್ರಾಧಿಕಾರ ರಚಿಸುವ ಕಾಯ್ದೆ 2002ರಲ್ಲಿ ಬಂತು, 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದುಬಿತ್ತು. ಕೆಲಸದಲ್ಲಿದ್ದ ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಗಡ್ಡೆಯ ವಸತಿಗೃಹಗಳ ವ್ಯಾಜ್ಯ ವರ್ಷಾನುಗಟ್ಟಲೆ ನಡೆದು, 2015ರಲ್ಲಿ ಹೈಕೋರ್ಟಿನಲ್ಲಿ ಮಾಲೀಕರಿಗೆ ಸೋಲಾಯಿತು. ಸುಪ್ರೀಂ ಕೋರ್ಟ್ 2020ರ ಫೆಬ್ರುವರಿ 11ರಂದು ಅದನ್ನೇ ಎತ್ತಿಹಿಡಿಯಿತು. ಮಾರ್ಚ್ ಮೊದಲ ವಾರ ಜೆಸಿಬಿಗಳು ನದಿಯಾಚೆ ಇಳಿದವು. ಆ ತಿಂಗಳು ಮುಗಿಯುವುದರೊಳಗೆ ಕೊರೊನಾ ಲಾಕ್‌ಡೌನ್. ಒಂದೇ ಋತುವಿನಲ್ಲಿ ಅಡುಗೆಯವರು, ದೋಣಿಯವರು, ಬಟ್ಟೆ ಒಗೆಯುವವರು, ಮೊಪೆಡ್ ಹುಡುಗರು ಎಲ್ಲರ ಕೈ ಖಾಲಿಯಾಯಿತು.

ಇದಕ್ಕೆ ಮುಂಚೆ ಈಚೆ ದಡದಲ್ಲೂ ಇಂಥದೇ ನಡೆದಿತ್ತು. ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ತಲೆಮಾರುಗಳಿಂದ ಮನೆ ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು 2011ರ ಜುಲೈ ಕೊನೆಯಲ್ಲಿ ತೆರವುಗೊಳಿಸಲಾಯಿತು. ಪುನರ್ವಸತಿಗೆ ಗೊತ್ತುಮಾಡಿದ ಜಾಗ ಕಡ್ಡಿರಾಂಪುರ.

ಸ್ಮಾರಕ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಐದುನೂರು ವರ್ಷದ ಮಂಟಪದ ಕಂಬಕ್ಕೆ ಇಟ್ಟಿಗೆ ಗೋಡೆ ಸೇರಿಸುವುದನ್ನು, ನದಿ ದಂಡೆಗೆ ಕಾಂಕ್ರೀಟ್ ಸುರಿಯುವುದನ್ನು ತಡೆದ ಕಾನೂನು ಸರಿಯಾದ ಕೆಲಸವನ್ನೇ ಮಾಡಿದೆ. ಆದರೆ ಪ್ರತಿ ಸಲ ತೆರವಾದ ಮೇಲೆ ಇಲ್ಲವಾದದ್ದು ಸಣ್ಣ ಬಾಡಿಗೆಯ ಕೋಣೆ. ಕೋಣೆ ಇಲ್ಲವಾದರೆ ಪ್ರವಾಸಿಗ ರಾತ್ರಿಗೆ ದೂರದ ದೊಡ್ಡ ಹೋಟೆಲಿಗೆ ಹೋಗುತ್ತಾನೆ, ಹಗಲು ಬಂದು ನೋಡಿ ಹೋಗುತ್ತಾನೆ. ಅವನ ಊಟ, ಬಟ್ಟೆ, ಸೈಕಲ್, ಹರಟೆ ಯಾವುದೂ ಹಳ್ಳಿಗೆ ದಕ್ಕುವುದಿಲ್ಲ. ಕಾನೂನು ಬೇಡವೆಂದದ್ದನ್ನು ತೆಗೆದವರು, ಕಾನೂನು ಒಪ್ಪುವಂಥದ್ದನ್ನು ಕಟ್ಟಿಕೊಡುವ ಹೊಣೆಯನ್ನೂ ಅಷ್ಟೇ ಶ್ರದ್ಧೆಯಿಂದ ಹೊರಬೇಕಿತ್ತು.

ಹಳೆಯ ಊರು, ಹೊಸ ದಾರಿ

ಕಾನೂನು ಒಪ್ಪುವ ದಾರಿಯ ಒಂದು ಮಾದರಿ ಆನೆಗೊಂದಿಯಲ್ಲಿದೆ. ವಿಜಯನಗರಕ್ಕೂ ಹಿಂದಿನ ಈ ಊರಿನಲ್ಲಿ ಇಂದಿಗೂ ಮಣ್ಣಿನ ಗೋಡೆ, ಮರದ ತೊಲೆ, ಅಗಲ ಕಟ್ಟೆಯ ಮನೆಗಳಿವೆ. ಶಮಾ ಪವಾರ್ 1997ರಲ್ಲಿ ಕಟ್ಟಿದ ಕಿಷ್ಕಿಂಧ ಟ್ರಸ್ಟ್ ಇಂಥ ಮನೆಗಳನ್ನು ಕೆಡವದೆ ದುರಸ್ತಿ ಮಾಡಿ ಬಳಕೆಗೆ ತರುವ ಕೆಲಸ ಮಾಡುತ್ತ ಬಂದಿದೆ. ಅತಿಥಿ ಉಳಿಯುವುದು ಊರ ಬೀದಿಯಲ್ಲೇ. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುವ ಸದ್ದಿಗೆ ಎಚ್ಚರವಾಗುತ್ತದೆ.

ಟ್ರಸ್ಟಿನ ಕುಟೀರದಲ್ಲಿ ಊರ ಹೆಂಗಸರು ಬಾಳೆನಾರಿನ ಕೆಲಸ ಮಾಡುತ್ತಾರೆ. ಗೊನೆ ಕಡಿದ ಮೇಲೆ ಗದ್ದೆಯಲ್ಲಿ ಕೊಳೆಯುವ ದಿಂಡಿನ ಪಟ್ಟೆಗಳನ್ನು ಸುಲಿದು ಒಣಗಿಸುತ್ತಾರೆ, ಸೀಳಿ ಹುರಿ ಹೊಸೆಯುತ್ತಾರೆ, ಆ ಹುರಿಯಿಂದ ಚೀಲ, ಟೋಪಿ, ಚಾಪೆ ಹೆಣೆಯುತ್ತಾರೆ. ಹುರಿ ಹೊಸೆಯುವುದನ್ನು ಕೂತು ನೋಡಲು ಅರ್ಧ ದಿನ ಬೇಕು. ಒಂದು ದಿನದ ಬಸ್ಸಿನವರಿಗೆ ಅದು ಸಿಗುವುದಿಲ್ಲ. ಸಂಡೂರಿನ ಲಂಬಾಣಿ ಕಸೂತಿಯದೂ ಇದೇ ಮಾತು. ಭೌಗೋಳಿಕ ಗುರುತಿನ ಮನ್ನಣೆ ಪಡೆದ ಆ ಕಸೂತಿಯ ಒಂದೊಂದು ಹೊಲಿಗೆಗೂ ಹೆಸರಿದೆ. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಹೊಲಿಯುವವರ ಪಕ್ಕ ಕೂತರೆ ಮಾತ್ರ ಅದು ಗೊತ್ತಾಗುತ್ತದೆ.

ಹೊರಗಿನವರು ಬಂದು ನಿಧಾನವಾಗಿ ಉಳಿದದ್ದರಿಂದ ಈ ಸೀಮೆಗೆ ಆದ ಲಾಭ ಹೊಸದೂ ಅಲ್ಲ. ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಬಂದು ತಿಂಗಳುಗಟ್ಟಲೆ ಇದ್ದು ನಗರವನ್ನು ಬಣ್ಣಿಸಿದ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಆನೆಗೊಂದಿಯ ತೆಪ್ಪಗಳ ಬಗ್ಗೆ ಬರೆದಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುವಷ್ಟು ದೊಡ್ಡವು, ಕುದುರೆ ಎತ್ತುಗಳನ್ನೂ ದಾಟಿಸುವಂಥವು. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿದೆ, ಹೆಣಿಗೆ ಬಿದಿರಿನದು, ಆಕಾರ ಮಾತ್ರ ಅದೇ. ಸಂಶೋಧಕರಾದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ 1980ರಿಂದ ಎರಡು ದಶಕ ಪ್ರತಿ ಚಳಿಗಾಲ ಇಲ್ಲೇ ಬೀಡುಬಿಟ್ಟು ಗೋಡೆ ಗೋಡೆ ಅಳೆದರು. ರಾಜಧಾನಿಯ ವಿನ್ಯಾಸದ ಬಗ್ಗೆ ನಮಗೆ ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು ಆ ಬಿಡಾರಗಳ ಫಲ.

ಉಳಿಯುವವರಿಗೆ

ಕನ್ನಡದ ಪ್ರವಾಸಿಗರೂ ಹೀಗೆ ಉಳಿಯಬಹುದು. ಅದಕ್ಕೆ ಬಂಡೆ ಹತ್ತಲೇಬೇಕೆಂದಿಲ್ಲ. ನಾಲ್ಕು ರಾತ್ರಿಯ ಬಿಡುವು ಮಾಡಿಕೊಂಡರೆ ಸಾಕು. ಬೆಂಗಳೂರು, ಮೈಸೂರಿನವರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ, ರಾತ್ರಿ ಹೊರಟು ಬೆಳಿಗ್ಗೆ ಹೊಸಪೇಟೆಗೆ ಇಳಿಸುತ್ತದೆ. ಅಲ್ಲಿಂದ ಹಂಪಿಗೆ ಹದಿಮೂರು ಕಿಲೋಮೀಟರ್. ಅವಸರವಿಲ್ಲದವರು ದಾರಿಯಲ್ಲಿ ಮಲಪನಗುಡಿಯಲ್ಲೇ ಮೊದಲು ಇಳಿಯಬಹುದು. ಮಲ್ಲಿಕಾರ್ಜುನನ ಹಳೆಯ ಗುಡಿ, ಸೂಳೆಬಾವಿ ಎಂದು ಊರವರು ಕರೆಯುವ ಕಮಾನುಗಳ ಬಾವಿ ಇಲ್ಲಿವೆ. ಪ್ರವಾಸಿ ಬಸ್ಸುಗಳು ಇವುಗಳ ಮುಂದೆಯೇ ಹಾದುಹೋಗುತ್ತವೆ, ನಿಲ್ಲುವುದಿಲ್ಲ.

ಒಂದು ದಿನ ಹಂಪಿಯ ದಡಕ್ಕೆ, ಒಂದು ದಿನ ಆನೆಗೊಂದಿಗೆ ಇಡುವುದು ಒಳ್ಳೆಯದು. ಅಂಜನಾದ್ರಿಯ 575 ಮೆಟ್ಟಿಲನ್ನು ಬೆಳಕು ಹರಿಯುವ ಹೊತ್ತಿಗೆ ಹತ್ತಿದರೆ ನದಿ, ಗದ್ದೆ, ಬಂಡೆರಾಶಿ ಮೂರೂ ಒಟ್ಟಿಗೆ ಕಾಣುತ್ತವೆ. ಮೂರನೆಯ ದಿನ ಹತ್ತಾಟಕ್ಕೆ. ಸಾಣಾಪುರದ ಆಸುಪಾಸಿನಲ್ಲಿ ಪ್ಯಾಡ್, ಷೂ ಬಾಡಿಗೆಗೆ ಕೊಡುವ, ಹೊಸಬರಿಗೆ ಕಲಿಸುವ ಊರ ಹುಡುಗರಿದ್ದಾರೆ. ಹತ್ತು ವರ್ಷದ ಮಕ್ಕಳೂ ಗಿಡ್ಡ ಬಂಡೆಗಳಲ್ಲಿ ಕಲಿಯಬಹುದು. ಸ್ಮಾರಕದ ಗೋಡೆ, ಶಾಸನವಿರುವ ಬಂಡೆ, ಗುಡಿಯ ಮೇಲಿನ ಬಂಡೆ ಇವನ್ನು ಮುಟ್ಟುವಂತಿಲ್ಲ. ಒಳ್ಳೆಯ ಹತ್ತುಗರು ಇದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ, ಹೊರಡುವಾಗ ಚಾಕ್ ಗುರುತನ್ನೂ ಉಜ್ಜಿ ತೆಗೆಯುತ್ತಾರೆ.

ನಾಲ್ಕನೆಯ ದಿನಕ್ಕೆ ನದಿ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ಬೆಳಗಿನ ಹೊತ್ತು ದಡದಲ್ಲಿ ಸದ್ದಿಲ್ಲದೆ ಕೂತರೆ ಬಂಡೆಗಳ ನಡುವೆ ಮೀನು ಹಿಡಿಯುವ ನೀರುನಾಯಿ ಕುಟುಂಬ ಕಾಣಬಹುದು. ಕರಡಿ ನೋಡಬಯಸುವವರಿಗೆ ದರೋಜಿಯ ಧಾಮ ಇದೆ.

ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ತುಂಗಭದ್ರೆ ಇಲ್ಲಿ ಅಣೆಕಟ್ಟಿನ ಗೇಟಿನ ಮಾತು ಕೇಳುವ ನದಿ. ಮೇಲಿಂದ ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ, ಆಚೆ ದಡದವರು ಕಡೆಬಾಗಿಲು ಸೇತುವೆ ಸುತ್ತಿ ಬರಬೇಕಾಗುತ್ತದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ನದಿಪಾತ್ರದ ಊರುಗಳೆಲ್ಲ ಆತಂಕದಲ್ಲಿ ರಾತ್ರಿ ಕಳೆದವು. ನೀರಿನೊಳಗೆ ಬಂಡೆ, ಸುಳಿ, ಮೊಸಳೆ ಇವೆ. 2025ರ ಫೆಬ್ರುವರಿಯಲ್ಲಿ ಹೈದರಾಬಾದಿನ ತರುಣ ವೈದ್ಯೆಯೊಬ್ಬರು ಸಾಣಾಪುರದ ಬಳಿ ಬಂಡೆಯಿಂದ ನದಿಗೆ ಜಿಗಿದು ಮೇಲೆ ಬರಲಿಲ್ಲ. ಮರುತಿಂಗಳೇ ಸಾಣಾಪುರದ ಕಾಲುವೆಯ ದಂಡೆಯಲ್ಲಿ ರಾತ್ರಿ ಕೂತಿದ್ದ ಪ್ರವಾಸಿಗರ ಗುಂಪಿನ ಮೇಲೆ ದಾಳಿ ನಡೆಯಿತು. ವಿದೇಶಿ ಪ್ರವಾಸಿಯ ಮೇಲೆ, ಅವರಿಗೆ ಆತಿಥ್ಯ ನೀಡಿದ್ದ ಮಹಿಳೆಯ ಮೇಲೆ ಅತ್ಯಾಚಾರವಾಯಿತು; ಕಾಲುವೆಗೆ ತಳ್ಳಲ್ಪಟ್ಟ ಒಡಿಶಾದ ಯುವಕ ಶವವಾಗಿ ಸಿಕ್ಕ. ಇಡೀ ಸೀಮೆ ತಲೆ ತಗ್ಗಿಸಿದ ಘಟನೆ ಅದು. ಕಾಲುವೆ ದಂಡೆಗೆ ದೀಪ, ರಾತ್ರಿ ಗಸ್ತು, ನೋಂದಣಿಯಾದ ಹೋಂಸ್ಟೇಗಳ ಮೇಲೆ ನಿಗಾ ಇವು ಪ್ರವಾಸೋದ್ಯಮದ ಮೊದಲ ಕೆಲಸವಾಗಬೇಕು. ಕೋಣೆ ಹಿಡಿಯುವವರೂ ಪರವಾನಗಿ ಇದೆಯೇ ಎಂದು ಕೇಳಿಯೇ ಹಿಡಿಯಬೇಕು.

ಹಂಪಿಯ ಹತ್ತಾಟದಿಂದ ಇನ್ನೂ ಆಗದೇ ಉಳಿದ ಕೆಲಸ ಒಂದಿದೆ. ಮೂಲ್ಕಿಯಲ್ಲಿ ಹೊರಗಿನಿಂದ ಬಂದ ಆಟವನ್ನು ಊರ ಮಕ್ಕಳು ತಮ್ಮದಾಗಿಸಿಕೊಂಡು, ಕಲಿಸುವವರೂ ಗೆಲ್ಲುವವರೂ ಆದರು. ಇಲ್ಲಿ ಎರಡು ದಶಕದಿಂದ ಜಗತ್ತಿನ ಹತ್ತುಗರು ಬಂದುಹೋಗುತ್ತಿದ್ದರೂ ಊರ ಹುಡುಗರ ಪಾಲಿಗೆ ಬಂದಿರುವುದು ಹೆಚ್ಚಾಗಿ ಪ್ಯಾಡ್ ಹೊರುವ, ಬಾಡಿಗೆ ವಸೂಲು ಮಾಡುವ ಕೆಲಸ. ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಬಾದಾಮಿಯ ಮರಳುಗಲ್ಲಿನ ಗೋಡೆಗಳಲ್ಲಿ ಅದು ಹತ್ತಾಟ ಕಲಿಸುತ್ತದೆ. ಅದರ ಒಂದು ಕಿರು ಶಾಖೆ ಆನೆಗೊಂದಿ ಅಥವಾ ಸಾಣಾಪುರದಲ್ಲಿ ಬೇಕು. ದೊಡ್ಡ ಕಟ್ಟಡ ಬೇಕಿಲ್ಲ, ಕಟ್ಟಡಕ್ಕೆ ಇಲ್ಲಿ ಅನುಮತಿಯೂ ಸಿಗದು. ಸರ್ಕಾರಿ ಶಾಲೆಯ ಮಕ್ಕಳಿಗೆ ಶನಿವಾರದ ಬೆಳಗು, ತರಬೇತಿ ಪಡೆದ ಇಬ್ಬರು ಕಲಿಸುವವರು, ಆರು ಪ್ಯಾಡು, ಯಾವ ಬಂಡೆ ಹತ್ತಬಹುದು ಯಾವುದನ್ನು ಮುಟ್ಟಬಾರದು ಎಂದು ಗುರುತಿಸಿದ ಪ್ರಾಧಿಕಾರದ ಒಂದು ನಕ್ಷೆ: ಇಷ್ಟನ್ನು ಬರುವ ನವೆಂಬರಿನೊಳಗೆ ಮಾಡಬಹುದು.